ಹೊಳೆದಂಡೆಯ ಒಕ್ಕಲು

ಹೋದ ವರ್ಷ ಬೇಸಿಗೆ ರಜಕ್ಕೆ ಬಂದ ಮೊಮ್ಮಗಳು ಶಾಲೆಯ ಪುಸ್ತಕ ಹಿಡಿದುಕೊಂಡು ನನ್ನ ಮುಂದೆ ಕೂತಳು. ‘ಅಜ್ಜಿ, ನಮ್ಮ ರಾಜ್ಯದಲ್ಲಿ ಸಮುದ್ರದಂಡೆಯ ರಾಷ್ಟ್ರೀಯ ಉದ್ಯಾನ ಯಾವುದು?’ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಹೇಳಿದವಳು ನಾನು. ಉತ್ತರ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಂದು ಬೆರಳು ಮಡಿಚಿದೆ. ಐದೂ ಕಾಡಿನವೇ. ಕಾರವಾರದಿಂದ ಮಂಗಳೂರಿನ ತನಕ ಅಷ್ಟುದ್ದ ಕಡಲು ನಮಗಿದ್ದರೂ ಅಂಥ ಉದ್ಯಾನ ಒಂದೂ ಇಲ್ಲ. ಕಡಲಂಚಿನದೇ ಬೇಕೆಂದರೆ ಗುಜರಾತಿನ ಕಚ್ಛ್ ಕೊಲ್ಲಿಗೆ ಹೋಗಬೇಕು, ಅದು 1982ರದು. ಇಲ್ಲವೇ 1984ರಲ್ಲಿ ಆದ ಬಂಗಾಳದ ಸುಂದರಬನ, 1998ರಲ್ಲಿ ಆದ ಒಡಿಶಾದ ಭಿತರ್‌ಕನಿಕಾ.

ಆ ಕಡೆಯ ಎರಡರ ಚಿತ್ರಗಳನ್ನು ಅವಳ ಪುಸ್ತಕದಲ್ಲಿ ನೋಡುತ್ತಿದ್ದೆ. ಮೊಸಳೆ ಇತ್ತು, ಹುಲಿ ಇತ್ತು. ಒಂದು ಮೂಲೆಯಲ್ಲಿ ಸಣ್ಣದಾಗಿ ಒಂದು ಕಂದು ಮುಖ, ಒದ್ದೆ ಮೀಸೆ, ಬಾಯಲ್ಲಿ ಮೀನು. ನನಗೆ ಎದೆ ಝಲ್ಲೆಂದಿತು. ‘ಇದು ನಮ್ಮ ಕಂಪ್ಲಿಯದು’ ಎಂದುಬಿಟ್ಟೆ. ಮೊಮ್ಮಗಳು ನಕ್ಕಳು. ಅವಳಿಗೆ ನಗು ಬಂದದ್ದರಲ್ಲಿ ತಪ್ಪಿಲ್ಲ. ನಮ್ಮ ಕಂಪ್ಲಿಗೂ ಕಡಲಿಗೂ ಎತ್ತಣ ನಂಟು!

ನನ್ನ ತವರು ಕಂಪ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ವಾರಕ್ಕೊಮ್ಮೆ ಅವ್ವ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಹೊಳೆಗೆ ಹೊರಟರೆ ನಾವು ಮೂವರೂ ಹಿಂದೆ. ಕೋಟೆ ದಾಟಿ ಇಳಿದರೆ ತುಂಗಭದ್ರೆ. ಹಾಸುಬಂಡೆಯ ಮೇಲೆ ಹೆಂಗಸರ ಸಾಲು, ಬಟ್ಟೆ ಬಡಿಯುವ ಸಪ್ಪಳ, ಊರಿನ ಸುದ್ದಿಯೆಲ್ಲ ಅಲ್ಲೇ. ನನಗಾಗ ಎಂಟೋ ಒಂಬತ್ತೋ, 1960ರ ದಶಕದ ಮಾತು. ಒಂದು ಬೆಳಿಗ್ಗೆ ಎದುರಿನ ನಡುಗಡ್ಡೆಯ ಬಂಡೆ ಏರಿ ಐದಾರು ಕಂದು ಪ್ರಾಣಿಗಳು ಮೈ ಒದರಿಕೊಂಡವು. ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಒಂದು ಸಿಳ್ಳೆ ಹಾಕಿದ ಹಾಗೆ ಕೂಗಿತು, ಎಲ್ಲವೂ ಬಳಬಳನೆ ನೀರಿಗೆ ಜಾರಿದವು. ‘ಅವ್ವಾ, ನಾಯಿ ಈಸಾಡ್ತಾವ!’ ಎಂದು ಬೆರಳು ಚಾಚಿದೆ. ಅವ್ವ ಕೈ ತಗ್ಗಿಸಿದಳು. ‘ಬೆಟ್ಟು ಮಾಡಬ್ಯಾಡ. ನೀರುನಾಯಿ ಅವು. ಹೊಳಿ ಒಕ್ಕಲು.’

ಒಕ್ಕಲು ಎಂಬ ಮಾತನ್ನು ಅವ್ವ ಹೊಲಮನೆಗಳ ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಬಳಸಿದ್ದು ನನಗೆ ನೆನಪಿಲ್ಲ.

ಹಂಪಿ ನೋಡಲು ಬಂದವರು ಗುಡಿ ನೋಡುತ್ತಾರೆ, ಕಲ್ಲಿನ ರಥ ನೋಡುತ್ತಾರೆ, ಹೊಳೆಯಲ್ಲಿ ಕಾಲು ತೊಳೆದುಕೊಂಡು ಹೋಗುತ್ತಾರೆ. ಹೊಳೆಗೂ ಒಂದು ಇತಿಹಾಸ ಇದೆಯೆಂದು ಯಾರೂ ನಿಂತು ನೋಡುವುದಿಲ್ಲ. ಪಾಠ ಹೇಳುವಾಗ ನಾನೂ ಹೇಳಲಿಲ್ಲ, ಅದು ಬೇರೆ ಮಾತು. ಇಲ್ಲಿಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹೊಸಪೇಟೆ ದಾಟಿ ಈ ಬಂಡೆಗಳ ನಡುವೆ ಹೊಕ್ಕ ತುಂಗಭದ್ರೆ ಒಂದೇ ಹೊಳೆಯಾಗಿ ಹರಿಯುವುದಿಲ್ಲ. ನಾಲ್ಕಾರು ಕವಲಾಗಿ ಒಡೆಯುತ್ತಾಳೆ, ಬಂಡೆಯ ಸಂದಿನಲ್ಲಿ ಮಡುವಾಗಿ ನಿಲ್ಲುತ್ತಾಳೆ, ಜೊಂಡು ಬೆಳೆದ ನಡುಗಡ್ಡೆಗಳನ್ನು ಬಳಸಿ ಮತ್ತೆ ಕೂಡುತ್ತಾಳೆ. ನೀರುನಾಯಿಗೆ ಬೇಕಾದದ್ದು ಇಷ್ಟೇ: ಮೀನಿರುವ ಮಡು, ಮರಿ ಹಾಕಲು ಕಲ್ಲಿನ ಪೊಟರೆ, ಮೈ ಒಣಗಿಸಿಕೊಳ್ಳಲು ಬಂಡೆ, ಮತ್ತು ಯಾರೂ ಬಾರದ ಜೊಂಡು.

ಇದಕ್ಕೆ ವಿಜಯನಗರದ ಅರಸರು ತಮ್ಮ ಪಾಲನ್ನೂ ಸೇರಿಸಿದರು. ನಡುಗಡ್ಡೆಯಿಂದ ನಡುಗಡ್ಡೆಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ಅಡ್ಡಗಟ್ಟೆ ಹಾಕಿದರು. ಹೊಳೆಯನ್ನು ಪೂರಾ ತಡೆಯುವ ಕಟ್ಟೆಯಲ್ಲ ಅದು. ನೀರಿನ ಮಟ್ಟವನ್ನು ಒಂದಾಳು ಎತ್ತರಿಸಿ ಪಕ್ಕದ ಕಾಲುವೆಗೆ ತಿರುಗಿಸುವಷ್ಟು ಮಾತ್ರ. ಮಳೆಗಾಲದ ನೀರು ಅದರ ತಲೆಯ ಮೇಲೆ ಹಾದು ಹೋಗುತ್ತದೆ. ತುರ್ತು ಕಾಲುವೆ, ಕಂಪ್ಲಿ ಕಾಲುವೆ ಎಲ್ಲ ಹೀಗೆ ಆದವು. ಐನೂರು ವರ್ಷದ ಮೇಲೂ ಅವು ಗದ್ದೆಗೆ, ಬಾಳೆಗೆ, ಕಬ್ಬಿಗೆ ನೀರು ಉಣಿಸುತ್ತಿವೆ. ಕಮಲಾಪುರದ ಕಡೆಯ ಸುಗಂಧಿ ಬಾಳೆಹಣ್ಣು ತಿಂದವರೆಲ್ಲ ರಾಯರ ನೀರನ್ನೇ ಕುಡಿದ ಹಾಗೆ. ನನ್ನ ಎಣಿಕೆಯಲ್ಲಿ ಮನುಷ್ಯರಿಗೆಂದು ಕಟ್ಟಿದ ಆ ಕಟ್ಟೆಗಳ ಬೆನ್ನಿಗೆ ಏಪ್ರಿಲ್, ಮೇ ತಿಂಗಳಲ್ಲೂ ನಿಲ್ಲುವ ಮಡುಗಳು ನೀರುನಾಯಿಯ ಸಂಸಾರವನ್ನೂ ಕಾಪಾಡಿಕೊಂಡು ಬಂದಿವೆ. ಅರಸರಿಗೆ ಅದು ತಿಳಿದಿರಲಿಕ್ಕಿಲ್ಲ.

ನೀರು ಆ ಕಾಲದಲ್ಲೂ ಸುಮ್ಮನೆ ಬಂದದ್ದಲ್ಲ. ಕೃಷ್ಣದೇವರಾಯ ಆಳುತ್ತಿದ್ದಾಗ, 1520ರ ಸುಮಾರಿಗೆ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಇಲ್ಲಿಗೆ ಬಂದಿದ್ದ. ಇವತ್ತಿನ ಹೊಸಪೇಟೆ ಆಗ ನಾಗಲಾಪುರ. ಅಲ್ಲಿ ರಾಯ ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ನೆಲ ಕಾಣದಂತೆ ಕೆಲಸ ಮಾಡುತ್ತಿದ್ದುದನ್ನು ಪಾಯಸ್ ಬರೆದಿಟ್ಟಿದ್ದಾನೆ. ಏರಿ ಎರಡು ಮೂರು ಸಲ ಒಡೆಯಿತಂತೆ. ಬಲಿ ಬೇಕೆಂದು ಕೇಳಿ ರಾಯ ಅರವತ್ತು ಮಂದಿಯ ತಲೆ ಕಡಿಸಿದನಂತೆ, ಜೊತೆಗೆ ಕುದುರೆಗಳು, ಕೋಣಗಳು. ರಾಯರ ಕಾಲದಲ್ಲಿ ಮುತ್ತುರತ್ನ ಬೀದಿಯಲ್ಲಿ ಅಳೆದರು ಎಂದು ಹೇಳುವಾಗ ಮಕ್ಕಳ ಕಣ್ಣು ಅರಳುತ್ತಿತ್ತು. ಈ ಅರವತ್ತು ತಲೆಗಳ ಪುಟಕ್ಕೆ ಬಂದಾಗ ನಾನು ಧ್ವನಿ ತಗ್ಗಿಸಿ ದಾಟಿಬಿಡುತ್ತಿದ್ದೆ. ಒಬ್ಬ ಹುಡುಗಿ ಮಾತ್ರ ಬಿಡಲಿಲ್ಲ. ‘ಅವರ ಹೆಸರು ಬರೆದಿಲ್ಲೇನ್ರೀ ಮಿಸ್?’ ಎಂದು ಕೇಳಿದಳು. ಇಲ್ಲ, ಬರೆದಿಲ್ಲ.

ಅದೇ ಪಾಯಸ್ ನಮ್ಮ ಹರಿಗೋಲನ್ನೂ ಕಂಡು ಬೆರಗಾಗಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಎನ್ನುತ್ತಾನೆ. ತೊಗಲಿನ ಬದಲು ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದದ್ದು ಬಿಟ್ಟರೆ ಹರಿಗೋಲು ಇಂದಿಗೂ ಹಾಗೆಯೇ ತಿರುಗುತ್ತದೆ. ಅವನ ಹಿಂದೆ ಬಂದ ನೂನಿಜ್ ಇನ್ನೂ ಗಟ್ಟಿಗ. ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯದನ್ನೂ ತಿನ್ನಲು ಮಾರುತ್ತಿದ್ದರೆಂದು ಪಟ್ಟಿ ಕೊಟ್ಟಿದ್ದಾನೆ. ಓದಿದಾಗಲೆಲ್ಲ ಬಳ್ಳಾರಿ ಸೀಮೆಯ ನನ್ನ ಗೆಳತಿಯರು ಮೂಗು ಮುರಿಯುತ್ತಾರೆ. ಆ ಪಟ್ಟಿಯಲ್ಲಿ ನೀರುನಾಯಿ ಇಲ್ಲ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆನೆ, ಕುದುರೆ, ಒಂಟೆ ಎಲ್ಲ ಸಾಲುಗಟ್ಟಿವೆ, ಅಲ್ಲೂ ಇದನ್ನು ನಾನು ಕಂಡಿಲ್ಲ. ಇತಿಹಾಸಕ್ಕೆ ಕಾಣದ ಹಾಗೆ ಬದುಕುವುದು ಹೆಂಗಸರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.

1565ರ ಯುದ್ಧದ ಮೇಲೆ ಪಟ್ಟಣ ಹಾಳಾಯಿತು. ಅರಮನೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ಕಾಲುವೆ ಮಾತ್ರ ನಿಲ್ಲಲಿಲ್ಲ, ರೈತರು ನಿಲ್ಲಗೊಡಲಿಲ್ಲ. ದೊರೆ ಬದಲಾದರೂ ಹೂಳು ತೆಗೆಯುವ ಕೈ ಬದಲಾಗಲಿಲ್ಲ. ಪಾಯಸ್, ನೂನಿಜ್ ಇಬ್ಬರ ಬರಹವೂ 1900ರಲ್ಲಿ ರಾಬರ್ಟ್ ಸಿವೆಲ್ ಪುಸ್ತಕ ಅಚ್ಚು ಹಾಕಿಸುವ ತನಕ ನಮಗೆ ಗೊತ್ತೇ ಇರಲಿಲ್ಲ. ಆ ಮುನ್ನೂರು ಚಿಲ್ಲರೆ ವರ್ಷ ಈ ದಂಡೆ ಅಂಬಿಗರದು, ಕುರಿಗಾಹಿಗಳದು, ಮೊಸಳೆ, ಆಮೆ, ನೀರುನಾಯಿಯದು.

ಆಮೇಲೆ ಡ್ಯಾಮು ಬಂತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. 33 ಬಾಗಿಲುಗಳ ಆ ಕಟ್ಟೆ ನಮ್ಮ ಸೀಮೆಯ ಹಸಿವನ್ನು ಹಿಂಗಿಸಿದ್ದು ಸುಳ್ಳಲ್ಲ, ಅಪ್ಪನ ಗಿರಣಿಯ ಭತ್ತವೂ ಆ ನೀರಿನದೇ. ಆದರೆ ಹೊಳೆಯ ಋತುಮಾನ ಮಳೆಯ ಕೈಯಿಂದ ಬಾಗಿಲು ಎತ್ತುವವರ ಕೈಗೆ ಬಂತು. ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಡಿಯುತ್ತದೆ, ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ. ಬಿಡದಿದ್ದರೆ ಬಂಡೆಗಳ ಎಲುಬು ಕಾಣುತ್ತದೆ.

ಈಗ ಹೇಳಲೇಬೇಕಾದ ಒಂದು ಮಾತು. ಇದನ್ನು ನಾನು ಯಾವ ತರಗತಿಯಲ್ಲೂ ಹೇಳಿದವಳಲ್ಲ.

ನೀರುನಾಯಿ ಕಂಡ ಒಂದೆರಡು ವರ್ಷದ ಮೇಲೆ ಇರಬೇಕು. ಬೇಸಿಗೆ. ಅವ್ವ ಬಟ್ಟೆಗೆ ಸೋಪು ಹಚ್ಚುತ್ತಿದ್ದಳು. ಮೇಲಿನ ಮಡುವಿನ ಕಡೆಯಿಂದ ‘ದಮ್’ ಎಂದಿತು. ಕಾಲ ಕೆಳಗಿನ ಬಂಡೆ ನಡುಗಿದ್ದು ನನಗೆ ಇಂದಿಗೂ ಅಂಗಾಲಿನಲ್ಲಿ ನೆನಪಿದೆ. ‘ತೋಟಾ ಹಾಕ್ಯಾರ’ ಎಂದು ಯಾರೋ ಅಂದರು. ಕಲ್ಲು ಒಡೆಯುವ ಸಿಡಿಮದ್ದಿಗೆ ನಮ್ಮ ಕಡೆ ತೋಟಾ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬಿಳಿ ಹೊಟ್ಟೆಗಳು ತೇಲಿ ಬಂದವು. ಬಾಳೆಮೀನು, ಹಾವುಮೀನು, ಹೆಸರು ಗೊತ್ತಿಲ್ಲದ ಬೆರಳುದ್ದದವು. ಹೆಂಗಸರೆಲ್ಲ ಬಟ್ಟೆ ಬಿಟ್ಟು ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಅವ್ವನೂ ಇಳಿದಳು. ನಾನೂ ಇಳಿದೆ. ಪುಗಸಟ್ಟೆ ಮೀನು! ಒಗೆದ ಬಟ್ಟೆಯಲ್ಲೇ ಕಟ್ಟಿಕೊಂಡು ಬಂದೆವು. ಆ ರಾತ್ರಿ ಹುಣಸೆಹುಳಿಯ ಮೀನು ಸಾರು, ಬಿಸಿ ರೊಟ್ಟಿ. ಅಪ್ಪ ಎರಡು ಸಲ ಹಾಕಿಸಿಕೊಂಡರು. ಹೊಟ್ಟೆ ತುಂಬ ಉಂಡೆ ಎಂದು ಹೇಳಲು ಈಗ ನಾಚಿಕೆ, ಆಗ ಇರಲಿಲ್ಲ.

ಆಮೇಲೆ ತಿಳಿಯಿತು, ತೋಟಾ ಸಿಡಿದಾಗ ನೀರಿನೊಳಗೆ ಏಳುವ ಪೆಟ್ಟಿಗೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ ಎಂದು. ತೇಲುವುದು ಒಂದಷ್ಟು. ಮಿಕ್ಕದ್ದು ತಳಕ್ಕೆ ಹೋಗಿ ಕೊಳೆಯುತ್ತದೆ. ಮರಿ, ಮೊಟ್ಟೆ ಒಂದೂ ಉಳಿಯುವುದಿಲ್ಲ. ಒಂದು ದಿನದ ಸಾರಿಗೆ ಒಂದು ಮಡುವಿನ ಮುಂದಿನ ವರ್ಷವನ್ನು ಕುದಿಸಿದಂತೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವ್ವನ ಒಗೆಯುವ ಕಲ್ಲಿನ ಸಂದಿಗೆ ಏನೋ ಸಿಕ್ಕಿಕೊಂಡಿತ್ತು. ಒದ್ದೆ ಚೀಲ ಎಂದು ಎಳೆದೆ. ನೀರುನಾಯಿಯ ಮರಿ. ಬಾತುಕೋಳಿಯ ಹಾಗೆ ಬೆರಳ ನಡುವೆ ಚರ್ಮ. ಮೀಸೆ ನೆಟ್ಟಗಿತ್ತು. ಕಿವಿಯಲ್ಲಿ ರಕ್ತ ಒಣಗಿತ್ತು. ಆಚೆ ದಂಡೆಯ ಜೊಂಡಿನಲ್ಲಿ ಸಿಳ್ಳೆ ಕೇಳುತ್ತಲೇ ಇತ್ತು, ಅದು ನಿಲ್ಲುತ್ತಲೇ ಇರಲಿಲ್ಲ. ಅವ್ವ ಮರಿಯನ್ನು ದಂಡೆಯ ಮರಳಿನಲ್ಲಿ ಹೂತಳು. ಏನೂ ಮಾತಾಡಲಿಲ್ಲ. ಅವಳು ಹಡೆದ ಐದರಲ್ಲಿ ನಾವು ಉಳಿದದ್ದು ಮೂವರು. ಮುಂದೆ ತೋಟಾ ಸಿಡಿದ ದಿನ ಉಳಿದ ಹೆಂಗಸರು ನೀರಿಗಿಳಿದರೂ ಅವಳು ಇಳಿಯಲಿಲ್ಲ. ಅವರನ್ನು ಬಿಡಿಸಲೂ ಹೋಗಲಿಲ್ಲ. ಕೂಲಿಯ ಹೆಂಗಸರ ಮನೆಯ ಒಲೆಯ ಸ್ಥಿತಿ ಅವಳಿಗೆ ಗೊತ್ತಿತ್ತು.

ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ನಲ್ಲಿ ನೀರು ಬಂತು, ಹೊಳೆ ಮರೆತೆ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೋಗುವುದನ್ನು ಕಣ್ಣಾರೆ ಕಂಡೆ. ಒಗೆದು ಹರವಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿದ್ದ ವರ್ಷಗಳವು. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದಾಗ ಧೂಳು ಇಳಿಯಿತು. ಆ ಕಥೆ ಎಲ್ಲರಿಗೂ ಗೊತ್ತು, ಬೇರೆಯವರು ಬರೆದಿದ್ದಾರೆ.

ನನ್ನ ಮನಸ್ಸು ಮತ್ತೆ ಇತ್ತ ತಿರುಗಿದ್ದು ಕರಡಿಯಿಂದ. ನಾವು ಚಿಕ್ಕವರಿದ್ದಾಗ ಕರಡಿ ಆಡಿಸುವವರು ಓಣಿಗೆ ಬರುತ್ತಿದ್ದರು. ಹೆದರಿಕೆ ಹೋಗಲಿ ಎಂದು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲು ಕಿತ್ತು ತಾಯಿತ ಕಟ್ಟುತ್ತಿದ್ದರು. ನನ್ನ ಕೊರಳಲ್ಲೂ ಒಂದಿತ್ತು. ಕಿಷ್ಕಿಂಧೆಯ ಸೀಮೆಯವರು ನಾವು, ಜಾಂಬವಂತನ ಕೂದಲು ಕೊರಳಲ್ಲಿದ್ದರೆ ಜ್ವರ ಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಆ ಕರಡಿಯ ಮೂಗಿಗೆ ಹಗ್ಗ ಹಾಕಿದ ತೂತಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. 1994ರಲ್ಲಿ ಸರ್ಕಾರ ಬಿಳಿಕಲ್ಲು ಕಾಡಿನ ಐದೂವರೆ ಸಾವಿರ ಹೆಕ್ಟೇರಿಗೂ ಮಿಕ್ಕ ಜಾಗವನ್ನು ದರೋಜಿ ಕರಡಿಧಾಮ ಎಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಅದಕ್ಕೆ ಸೇರಿಸಿದರು. ಶಾಲೆಯ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೆಲ್ಲ ಬಳಿದ ಬಂಡೆಯ ಕಡೆ ಒಂದು ತಾಯಿ ಕರಡಿ ಇಳಿದು ಬಂತು, ಬೆನ್ನ ಮೇಲೆ ಎರಡು ಮರಿ. ನಮ್ಮ ಹೆಂಗಸರು ಕಂಕುಳಲ್ಲಿ ಹೊತ್ತದ್ದನ್ನು ಅದು ಬೆನ್ನಲ್ಲಿ ಹೊತ್ತಿತ್ತು, ಅಷ್ಟೇ. ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ಕೂತದ್ದು ನನ್ನ ಕೆಲಸದ ಅವಧಿಯಲ್ಲಿ ಅದೊಂದೇ ದಿನ.

ಕರಡಿಗೆ ಗುಡ್ಡ ಕೊಟ್ಟರೆ ಮುಗಿಯಿತು. ಹೊಳೆಗೆ ಬೇಲಿ ಹಾಕುವುದು ಹೇಗೆ? ರಾಷ್ಟ್ರೀಯ ಉದ್ಯಾನ ಎಂದರೆ ಒಳಗೆ ಮೇಯಿಸುವಂತಿಲ್ಲ, ಕಡಿಯುವಂತಿಲ್ಲ, ಜನರ ಹಕ್ಕೆಂಬುದೇ ಇಲ್ಲ. ಹಂಪಿಯ ಹೊಳೆಯಲ್ಲಿ ಅದು ಆಗದ ಮಾತು. ತೆಪ್ಪೋತ್ಸವ ಬೇಕು, ಪಿಂಡ ಬಿಡಬೇಕು, ಬಟ್ಟೆ ಒಗೆಯಬೇಕು, ಅಂಬಿಗರು ಬದುಕಬೇಕು. ವನ್ಯಜೀವಿ ಕಾನೂನು 1972ರದು. ಅದಕ್ಕೆ 2002ರಲ್ಲಿ ಆದ ತಿದ್ದುಪಡಿಯಲ್ಲಿ ‘ಸಂರಕ್ಷಣಾ ಮೀಸಲು ಪ್ರದೇಶ’ ಎಂಬ ಹೊಸ ಬಗೆ ಬಂತು. ಸುತ್ತಲಿನ ಜನರನ್ನು ಕೇಳಿ ಮಾಡಬೇಕು, ಅವರ ಹಕ್ಕು ಕಸಿಯುವಂತಿಲ್ಲ. 2015ರಲ್ಲಿ ಹೊಸಪೇಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿಯ ತನಕ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳಿಗೆಂದು ಹೀಗೆ ಮೀಸಲಿಟ್ಟರು. ಪತ್ರಿಕೆಯಲ್ಲಿ ಸುದ್ದಿ ಓದಿ ಕನ್ನಡಕ ತೆಗೆದು ಒರೆಸಿಕೊಂಡೆ. ಅವ್ವ ಇದ್ದಿದ್ದರೆ, ‘ಈಗ ಪಟ್ಟಾ ಆತೇನು ಅವುಕ್ಕ?’ ಎನ್ನುತ್ತಿದ್ದಳೇನೋ.

ಪಟ್ಟಾ ಆಯಿತು, ಬದುಕು ಸಲೀಸಾಯಿತು ಎಂದಲ್ಲ. ನಾಲ್ಕು ವರ್ಷದ ಕೆಳಗೆ ಬುಕ್ಕಸಾಗರದ ದಂಡೆಯಲ್ಲಿ ಒಬ್ಬ ಮುದುಕ ಬಲೆ ಹೆಣೆಯುತ್ತ ಕೂತಿದ್ದ. ಮಾತಿಗೆಳೆದೆ. ‘ತೋಟಾ ಕಡಿಮಿ ಆಗ್ಯಾವ ಬಿಡ್ರೀ ಅಕ್ಕಾರ. ಪೂರಾ ನಿಂತಿಲ್ಲ. ಆದ್ರ ಇವು ಬಲಿ ಹರದು ಮೀನು ತಿಂದು ಹೋಗ್ತಾವ. ಒಂದು ಬಲಿಗೆ ಎಷ್ಟು ರೊಕ್ಕ ಗೊತ್ತೈತೇನ್ರೀ? ಅದನ್ನ ಯಾರು ಕೊಡ್ತಾರ?’ ನನಗೆ ಉತ್ತರ ತೋಚಲಿಲ್ಲ. ಪಟ್ಟಣದಲ್ಲಿ ಕೂತು ಮರುಗುವುದು ನನಗೆ ಸುಲಭ, ಬಲೆ ಅವನದು. ಸುಂದರಬನದ ಮಗ್ಗುಲಲ್ಲಿ, ಬಾಂಗ್ಲಾದೇಶದ ನಡಾಯಿಲ್ ಸೀಮೆಯಲ್ಲಿ, ಮೀನುಗಾರರು ಇದೇ ಜಾತಿಯ ನೀರುನಾಯಿಗಳನ್ನು ಸಾಕಿ, ಹಗ್ಗ ಕಟ್ಟಿ ನೀರಿಗೆ ಬಿಟ್ಟು ಮೀನನ್ನು ಬಲೆಗೆ ಅಟ್ಟಿಸುತ್ತಾರೆ ಎಂದು ಅವನಿಗೆ ಹೇಳಿದೆ. ಮುದುಕ ಬಲೆ ಬಿಟ್ಟು ನನ್ನ ಮುಖ ನೋಡಿದ. ‘ಹೌದೇನ್ರೀ? ಮತ್ತ ಅದರ ಪಾಲು ಅದಕ್ಕ ಕೊಡ್ತಾರೇನು?’ ಕೊಡುತ್ತಾರೆ ಎಂದೆ. ‘ಹಂಗಾರ ಛಲೋ’ ಎಂದು ಮತ್ತೆ ಸೂಜಿ ಹಿಡಿದ.

2019ರಲ್ಲಿ ಜಿನೀವಾದಲ್ಲಿ ದೇಶದೇಶಗಳೆಲ್ಲ ಸೇರಿ ಈ ಪ್ರಾಣಿಯ ಚರ್ಮದ, ಮರಿಗಳ ವ್ಯಾಪಾರವನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದವು. ಹೊಳೆಯಲ್ಲಿ ಮರಳು ತೆಗೆಯುವವರಿಗೆ, ಜೊಂಡಿಗೆ ಬೆಂಕಿ ಇಡುವವರಿಗೆ ಜಿನೀವಾ ದೂರ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ನಮ್ಮೂರಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ರೈತರು ಎರಡನೆಯ ಬೆಳೆಯ ಲೆಕ್ಕ ಹಾಕಿ ಅತ್ತರು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ತಾತ್ಕಾಲಿಕ ಬಾಗಿಲು ಇಳಿಸಿದಾಗ ಎಲ್ಲರೂ ದೇವರಿಗೆ ಕಾಯಿ ಒಡೆದರು, ನಾನೂ ಒಡೆದೆ. ಎಂಥ ಹೊಳೆ ಕೆಳಗೆ ಇಳಿದಿರಬೇಕು, ಪೊಟರೆಗಳಲ್ಲಿ ಏನಾಗಿರಬೇಕು ಎಂಬ ಯೋಚನೆ ಮಾತ್ರ ಕಾಯಿ ಒಡೆದ ಮೇಲೂ ಹೋಗಲಿಲ್ಲ. ನೀರುನಾಯಿಗಳು ಸಾಮಾನ್ಯವಾಗಿ ಮರಿ ಹಾಕುವುದು ಮಳೆಗಾಲ ಕಳೆದು ಚಳಿಗೆ ಎಂದು ಓದಿದ್ದೆ. ಅದೊಂದು ಸಮಾಧಾನ.

ಮೊಮ್ಮಗಳು ನಕ್ಕಳೆಂದೆನಲ್ಲ. ಮರುದಿನವೇ ಅವಳನ್ನು ಕಂಪ್ಲಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಆರೂವರೆ. ಅವ್ವನ ಒಗೆಯುವ ಕಲ್ಲು ಅಲ್ಲೇ ಇದೆ, ಒಂದು ಕಡೆ ವಾಲಿದೆ. ಒಂದು ಗಂಟೆ ಕೂತರೂ ಏನೂ ಕಾಣಲಿಲ್ಲ. ಹುಡುಗಿ ಆಕಳಿಸಿದಳು. ಏಳುವಾಗ ಅವಳ ಕಾಲ ಬುಡದಲ್ಲೇ, ಕಲ್ಲಿನ ಮೇಲೆ, ಕಪ್ಪು ಬಣ್ಣದ ಒಂದು ಗುಪ್ಪೆ ಕಂಡಿತು. ‘ಅಯ್ಯೋ, ಹೇಲು!’ ಎಂದು ಹಿಂದೆ ಸರಿದಳು. ನಾನು ಮಂಡಿಯೂರಿ ಕಡ್ಡಿಯಿಂದ ಕೆದಕಿದೆ. ಒಳಗೆಲ್ಲ ಮೀನಿನ ಹುರುಪೆ, ಬಿಸಿಲಿಗೆ ಮಿಣಮಿಣ ಮಿನುಗಿತು. ಇನ್ನೂ ಹಸಿಯಾಗಿತ್ತು. ಅವು ಹೀಗೇ, ಕುಟುಂಬವೆಲ್ಲ ಒಂದೇ ಬಂಡೆಗೆ ಬಂದು ಗುರುತು ಹಾಕಿ ಹೋಗುತ್ತವೆ.

ಮೊಮ್ಮಗಳೂ ಪಕ್ಕದಲ್ಲಿ ಕುಕ್ಕರಿಸಿದಳು. ಬೆರಳು ಚಾಚಿ ಆಚೆ ದಂಡೆಯ ಜೊಂಡಿನ ಕಡೆ ತೋರಿಸುತ್ತ, ‘ಅಲ್ಲಿರ್ತಾವಾ ಅಜ್ಜಿ?’ ಎಂದಳು.

ನಾನು ಅವಳ ಕೈ ತಗ್ಗಿಸಿದೆ.